ಅಚ್ಚು ಹೊಯ್ದು ಬೆಚ್ಚಿಬಿದ್ದದ್ದು

ಕರೆಂಟಿನ ಕೆಲಸ ಮಾಡುವವರಿಗೆ ಶಾಕ್ ಹೊಡೆಯುವುದು ಇದ್ದದ್ದೇ. ನನ್ನದು ಕರೆಂಟಿನ ಹಂಗೇ ಇಲ್ಲದ ಕೆಲಸ. ಆದರೂ ಹದಿನೈದು ವರ್ಷದಲ್ಲಿ ನನಗೆ ಹೊಡೆದಷ್ಟು ಶಾಕ್ ಚಿಕ್ಕಮಗಳೂರಿನ ಯಾವ ಲೈನ್‌ಮನ್‌ಗೂ ಹೊಡೆದಿರಲಿಕ್ಕಿಲ್ಲ. ಒಂದು ಮರೆತೆ ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಮಾರ್ಕೆಟ್ ಹತ್ತಿರದ ಒಂದು ಓಣಿಯಲ್ಲಿ ನಮ್ಮ ಯಜಮಾನರದ್ದು ಬೋರ್ಡ್ ಬರೆಯುವ ಅಂಗಡಿ. ಅದರ ಹಿಂದಿನ ಕೋಣೆ ನನ್ನದು. ತೊಂಬತ್ತರ ದಶಕದ ನಡುವಿನಲ್ಲಿ ಬೆಂಗಳೂರಿನ ಸೋದರತ್ತೆ ಮನೆಯಲ್ಲಿ ಮೂರು ವಾರ ಇದ್ದು ಈ ವಿದ್ಯೆ ಕಲಿತು ಬಂದಿದ್ದೆ. ಕೋಟಿನ ಗುಂಡಿ, ಹೂವಿನ ಬಿಲ್ಲೆ, ಬಣ್ಣದ ಕಲ್ಲು, ಹೀಗೆ ಯಾವುದಾದರೂ ಪುಟ್ಟ ವಸ್ತುವನ್ನು ಒಂದು ಡಬ್ಬಿಯ ತಳಕ್ಕೆ ಅಂಟಿಸಬೇಕು. ಅದರ ಮೇಲೆ ದೋಸೆ ಹಿಟ್ಟಿನ ಹದದ ಬಿಳಿ ಸಿಲಿಕಾನ್ ರಬ್ಬರನ್ನು ಗಟ್ಟಿಯಾಗುವ ಔಷಧಿ ಬೆರೆಸಿ ಹೊಯ್ಯಬೇಕು. ಮರುದಿನ ಅದು ಮೆತ್ತನೆಯ ಗಡ್ಡೆಯಾಗಿರುತ್ತದೆ. ಒಳಗಿನ ವಸ್ತುವನ್ನು ತೆಗೆದರೆ ಅದೇ ಆಕಾರದ ಗುಳಿ. ಅದೇ ಅಚ್ಚು. ಆ ಗುಳಿಗೆ ಅಕ್ರಿಲಿಕ್ ಹೊಯ್ದರೆ ಮೂಲದ ತದ್ರೂಪು ಬರುತ್ತದೆ. ಒಂದಲ್ಲ, ಐವತ್ತು ಬೇಕಾದರೂ ಬರುತ್ತದೆ.

ಇಷ್ಟೇ ಕೆಲಸ. ಇದರಲ್ಲಿ ಬೆಚ್ಚಿಬೀಳುವುದಕ್ಕೆ ಏನಿದೆ ಅಂತ ನಾನೂ ಅಂದುಕೊಂಡಿದ್ದೆ.

ತಟ್ಟೆಯಲ್ಲಿದ್ದದ್ದು

ಕೆಲಸ ಶುರು ಮಾಡಿದ ಮೊದಲ ತಿಂಗಳು. ಸಿಲಿಕಾನ್ ರಬ್ಬರ್ ತುಟ್ಟಿ ಮಾಲು, ಒಂದು ಚಮಚವೂ ದಂಡವಾಗಬಾರದು. ಹೊಯ್ದು ಮಿಕ್ಕಿದ್ದನ್ನು ಒಂದು ಸ್ಟೀಲ್ ತಟ್ಟೆಗೆ ಸುರಿದು ಇಡುತ್ತಿದ್ದೆ. ಗಟ್ಟಿಯಾದ ಮೇಲೆ ತುಂಡು ಮಾಡಿ ಇಟ್ಟುಕೊಂಡರೆ ದೊಡ್ಡ ಅಚ್ಚು ಮಾಡುವಾಗ ನಡುವೆ ತುಂಬಲಿಕ್ಕೆ ಬರುತ್ತದೆ. ತುಂಡು ಹೇಗೆ ಬೇಕಾದರೂ ಮಾಡಬಹುದಿತ್ತು. ಆದರೆ ಕೈ ಹೆಂಗಸರದ್ದು ನೋಡಿ, ಅದರಷ್ಟಕ್ಕೆ ಅದು ವಜ್ರಾಕಾರವಾಗಿ ಕೊಯ್ದುಬಿಟ್ಟಿತ್ತು.

ನಾನು ಹಿತ್ತಲಿನ ತೊಟ್ಟಿಗೆ ನೀರು ತರಲು ಹೋಗಿದ್ದೆ. ಅಷ್ಟರಲ್ಲಿ ಮೂಡಿಗೆರೆಯಿಂದ ಬ್ಯಾಂಕಿನ ಕೆಲಸಕ್ಕೆ ಅಂತ ಬಂದಿದ್ದ ಯಜಮಾನರ ಚಿಕ್ಕಪ್ಪ ಒಳಗೆ ಬಂದು ಕೂತಿದ್ದರು. ನಾನು ಕೊಡ ಹಿಡಿದು ಬಾಗಿಲಿಗೆ ಬಂದಾಗ ಅವರ ದವಡೆ ಆಡುತ್ತಿತ್ತು.

"ಚಿಕ್ಕಪ್ಪ, ಬಾಯಲ್ಲಿ ಎಂತದು?" ಅಂದೆ.

ಒಂದು ನಿಮಿಷ ತಡಿ ಅನ್ನುವ ಹಾಗೆ ಕೈ ಎತ್ತಿದರು. ಕಣ್ಣಿನಲ್ಲಿ ನೀರು ಬಂದಿತ್ತು. ಬಲಗಡೆಯಿಂದ ಎಡಗಡೆಗೆ ದಾಟಿಸಿದರು, ಎಡಗಡೆಯಿಂದ ಬಲಗಡೆಗೆ ತಂದರು. ಕೊನೆಗೆ ಅದನ್ನು ಕೆನ್ನೆಯ ಸಂದಿಗೆ ಒತ್ತರಿಸಿ ಹೇಳಿದರು. "ಹಾಲುಬಾಯಿ ಚೆನ್ನಾಗಿದೆ ಕಣಮ್ಮ. ಸಿಹಿ ಒಂಚೂರು ಕಮ್ಮಿ. ಮತ್ತೆ ಇಷ್ಟು ಕಾಯಿಸಬಾರದು."

ನನ್ನ ಕೈಯ ಕೊಡ ಬಿತ್ತು. "ಉಗೀರಿ ಚಿಕ್ಕಪ್ಪ, ಉಗೀರಿ!" ಅಂತ ಕೂಗಿದ ರಭಸಕ್ಕೆ ಯಜಮಾನರು ಏಣಿಯಿಂದ ಇಳಿದು ಓಡಿ ಬಂದರು. ಚಿಕ್ಕಪ್ಪನಿಗೆ ಸಿಟ್ಟು ಬಂತು. "ಒಂದು ಮಾತು ಹೇಳಿದ್ದಕ್ಕೆ ಉಗಿ ಅಂತೀಯಲ್ಲ, ನೆಂಟರಿಗೆ ಹೀಗಾ ಹೇಳೋದು?" ಅಂದರು. ಅದು ಅಕ್ಕಿ ಕಾಯಿಹಾಲಿನ ಹಾಲುಬಾಯಿ ಅಲ್ಲ, ರಬ್ಬರ್ ಅಂತ ತಿಳಿಸಿ ಹೇಳುವಷ್ಟರಲ್ಲಿ ನನಗೆ ಬೆವರಿಳಿದಿತ್ತು. ಎದುರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಬಾಯಿಂದ ಹೊರಗೆ ಬಂದ ತುಂಡನ್ನು ಡಾಕ್ಟರು ತಿರುಗಿಸಿ ನೋಡಿದರು. ಒಂದು ಚೂರೂ ಕಡಿದು ಹೋಗಿರಲಿಲ್ಲ. ಮೂಲೆಗಳೆಲ್ಲ ಇದ್ದ ಹಾಗೇ ಇದ್ದವು. ನುಂಗಿಲ್ಲ, ಚೆನ್ನಾಗಿ ಬಾಯಿ ಮುಕ್ಕಳಿಸಿ ಸಾಕು ಅಂದರು. ಚಿಕ್ಕಪ್ಪ ತಲೆ ತಗ್ಗಿಸಿಕೊಂಡು ಊರಿನ ಬಸ್ಸು ಹತ್ತಿದರು.

ಹತ್ತು ದಿನ ಬಿಟ್ಟು ಊರಿನ ಕಡೆಯವರೊಬ್ಬರು ಚಿಕ್ಕಮ್ಮನ ಮಾತು ಹೊತ್ತು ತಂದರು. ಚಿಕ್ಕಪ್ಪ ನಾನು ಬರುವ ಮುಂಚೆಯೇ ಹೆಂಡತಿಗೆ ಅಂತ ಎರಡು ತುಂಡು ಜೇಬಿಗೆ ಹಾಕಿಕೊಂಡಿದ್ದರಂತೆ. ಚಿಕ್ಕಮ್ಮ ಜೇಬಿನಲ್ಲಿ ಕಂಡು ಕೇಳಿದ್ದಕ್ಕೆ ನಮ್ಮ ಮನೆಯದ್ದು ಅಂತಷ್ಟೇ ಹೇಳಿ ತೋಟಕ್ಕೆ ಹೋಗಿದ್ದರಂತೆ, ಅವಮಾನಕ್ಕೆ ರಬ್ಬರ್ ಅನ್ನುವ ಮಾತು ಎತ್ತಿರಲಿಕ್ಕಿಲ್ಲ. ಚಿಕ್ಕಮ್ಮ ಅದನ್ನು ಯಾರಾದರೂ ಬಂದಾಗ ಕೊಡೋಣ ಅಂತ ಡಬ್ಬಿಯಲ್ಲಿ ಎತ್ತಿಟ್ಟಿದ್ದರಂತೆ.

"ನಿನ್ನ ಹಾಲುಬಾಯಿ ಹತ್ತು ದಿನ ಆದರೂ ಹಳಸಲಿಲ್ಲವಂತೆ," ಅಂದರು ಬಂದವರು. "ಅದಕ್ಕೆ ಎಂತ ಹಾಕ್ತಾಳೆ ಕೇಳ್ಕೊಂಡು ಬಾ ಅಂದಿದ್ದಾರೆ."

ಎಡಗಡೆ, ಮೇಲಿನದು

ನಾನು ಬಳಸುವ ಅಕ್ರಿಲಿಕ್ ದ್ರವಕ್ಕೂ ಹಲ್ಲಿನ ಸೆಟ್ ಮಾಡುವವರು ಬಳಸುವ ದ್ರವಕ್ಕೂ ಒಂದೇ ವಾಸನೆ. ಓಣಿಗೆಲ್ಲ ಹರಡುತ್ತಿತ್ತು. ಇದು ನನಗೆ ಗೊತ್ತಿದ್ದದ್ದೇ. ಆದರೆ ಹಲ್ಲಿನ ಡಾಕ್ಟರುಗಳೂ 'ಅಚ್ಚು ತೆಗೀಬೇಕು' ಅಂತಲೇ ಹೇಳುತ್ತಾರೆ ಅನ್ನುವುದು ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಬಿಲ್ಲೆಗಳ ಅಂಚನ್ನು ಬ್ಲೇಡಿನಿಂದ ಹೆರೆಯುತ್ತಾ ಕೂತಿದ್ದೆ. ಬಿಳಿ ಪಂಚೆ ಉಟ್ಟ ಹಿರಿಯರೊಬ್ಬರು ಒಳಗೆ ಬಂದರು. ಕಳಸದಿಂದ ಬೆಳಗಿನ ಬಸ್ಸಿಗೆ ಬಂದವರು. ಸ್ಟ್ಯಾಂಡಿನಲ್ಲಿ ಇಳಿದು ಆಟೋದವನನ್ನು "ಇಲ್ಲಿ ಅಚ್ಚು ತೆಗೆಯೋದು ಎಲ್ಲಪ್ಪ?" ಅಂತ ಕೇಳಿದ್ದಾರೆ. ಅವನು ಸೀದಾ ನಮ್ಮಲ್ಲಿಗೆ ತಂದು ಇಳಿಸಿದ್ದಾನೆ. ಇದೆಲ್ಲ ಆಮೇಲೆ ಗೊತ್ತಾದದ್ದು. ಆಗ ಗೊತ್ತಾಗಿದ್ದು ಇಷ್ಟೇ. ಅವರು ಕೊಡೆಯನ್ನು ಗೋಡೆಗೆ ಒರಗಿಸಿದರು, ನನ್ನ ಎದುರಿನ ಸ್ಟೂಲಿನ ಮೇಲೆ ಕೂತರು, ತಲೆ ಹಿಂದಕ್ಕೆ ಚೆಲ್ಲಿ ಬಾಯಿ ಅಗಲವಾಗಿ ತೆಗೆದರು.

ನನ್ನ ಕೋಣೆಗೆ ಬಂದು ಯಾರೂ ಹಾಗೆ ಬಾಯಿ ತೆರೆದು ಕೂತಿರಲಿಲ್ಲ. ಏನು ಮಾಡಬೇಕೋ ತಿಳಿಯದೆ ನಾನೂ ಒಳಗೆ ನೋಡುತ್ತಾ ನಿಂತೆ.

"ಎಡಗಡೆ, ಮೇಲಿನದು," ಅಂದರು ಅವರು, ಬಾಯಿ ಮುಚ್ಚದೆ. ಆಮೇಲೆ ನನ್ನ ಕೈಯ ಬ್ಲೇಡ್ ಕಂಡಿತು. ಬಾಯಿ ಟಕ್ ಅಂತ ಮುಚ್ಚಿತು. "ಕೊಯ್ಯೋದೆಲ್ಲ ಬೇಡಮ್ಮ. ಅಚ್ಚು ಮಾತ್ರ."

"ರೀ, ಸ್ವಲ್ಪ ಬನ್ನಿ!" ಅಂತ ಯಜಮಾನರನ್ನು ಕರೆದೆ.

ಅವತ್ತು ಅವರು ಒಂದು ಮಾಂಸದಂಗಡಿಯ ಬೋರ್ಡಿಗೆ ಕೆಂಪು ಬಳಿಯುತ್ತಿದ್ದರು. ಮೊಣಕೈವರೆಗೆ ಕೆಂಪು, ಅಂಗಿಯ ಮೇಲೆ ಕೆಂಪು, ಕೆನ್ನೆಯ ಮೇಲೂ ಎರಡು ಹನಿ. ಹಾಗೇ ಬಂದು ಬಾಗಿಲಲ್ಲಿ ನಿಂತು "ಎಂತಾಯ್ತು?" ಅಂದರು.

ಹಿರಿಯರು ಸ್ಟೂಲಿನಿಂದ ಎದ್ದೇಬಿಟ್ಟರು. ಗೋಡೆಗೆ ಬೆನ್ನು ಹಚ್ಚಿ, ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದರು. "ನನಗಿಂತ ಮುಂಚೆ ಬಂದವರು ಎಲ್ಲಿ?"

ಸಮಾಧಾನ ಮಾಡಿ, ನೀರು ಕೊಟ್ಟು, ಬಣ್ಣ, ಬಿಲ್ಲೆ, ಗುಂಡಿ ಎಲ್ಲ ತೋರಿಸಿ ನಂಬಿಸಬೇಕಾದರೆ ಅರ್ಧ ಗಂಟೆ ಹಿಡಿಯಿತು. ನಿಜವಾದ ಹಲ್ಲಿನ ಡಾಕ್ಟರ ವಿಳಾಸ ಬರೆದುಕೊಟ್ಟೆವು. ಹೊರಡುವಾಗ ಅವರು ಅಂಗಡಿಯ ಹಣೆ ನೋಡಿದರು. ಊರಿಗೆಲ್ಲ ಬೋರ್ಡ್ ಬರೆಯುವ ನಮ್ಮ ಯಜಮಾನರ ಅಂಗಡಿಗೇ ಬೋರ್ಡ್ ಇರಲಿಲ್ಲ.

"ಅಲ್ಲ ಮಾರಾಯ್ರೆ, ಬೋರ್ಡ್ ಬರೆಯೋರೇ ಅಂತೀರಿ," ಅಂದರು. "'ಇಲ್ಲಿ ಹಲ್ಲಿಲ್ಲ' ಅಂತ ಒಂದು ಬರೆದು ಹಾಕೋಕಾಗಲ್ವಾ?"

ಬೋರ್ಡ್ ಹಾಕಿದ ಮೇಲೆ

ಆ ಮಾತು ಯಜಮಾನರ ಮನಸ್ಸಿಗೆ ನಾಟಿತು. ಹಲ್ಲಿನ ವಿಷಯ ಬಿಟ್ಟು, ನೀಲಿ ಹಲಗೆಯ ಮೇಲೆ ದೊಡ್ಡದಾಗಿ 'ಸಿಲಿಕಾನ್' ಅಂತ ಬರೆದು, ಕೆಳಗೆ ಸಣ್ಣಕ್ಷರದಲ್ಲಿ 'ಅಚ್ಚು ಕೆಲಸ' ಅಂತ ಬರೆದು ನೇತುಹಾಕಿದರು. ಎರಡು ಸಾವಿರದ ಇಸವಿಯ ಆಸುಪಾಸು. ಸಿಲಿಕಾನ್ ಅಂದರೆ ಕಂಪ್ಯೂಟರ್ ಅಂತ ಪೇಪರಿನಲ್ಲಿ ದಿನಾ ಬರುತ್ತಿದ್ದ ಕಾಲ. ಇದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಜಾವಳಿ ಕಡೆಯ ಒಂದು ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರೊಬ್ಬರು ಒಂದು ಮಧ್ಯಾಹ್ನ ಬಂದರು. ತೋಳಿನಲ್ಲಿ ಬೆಡ್‌ಶೀಟಿನಲ್ಲಿ ಸುತ್ತಿದ ಏನನ್ನೋ ಅವಚಿಕೊಂಡಿದ್ದರು. ಮಗುವನ್ನು ಮಲಗಿಸುವ ಹಾಗೆ ಮೇಜಿನ ಮೇಲೆ ಇಳಿಸಿದರು. ಯಾರದ್ದೋ ಕೂಸಿಗೆ ಏನೋ ಆಗಿದೆ ಅಂತ ಕೈಯ ಕೆಲಸ ಬಿಟ್ಟು ಎದ್ದೆ. ಬಟ್ಟೆ ಸರಿಸಿದರೆ ಕಂಪ್ಯೂಟರಿನ ಪರದೆ, ಟೀವಿಯಷ್ಟು ದಪ್ಪದ್ದು.

"ಇದರ ಸಿಲಿಕಾನ್ ಹೋಗಿದೆ ಮೇಡಂ," ಅಂದರು. "ಎಂಟು ದಿನದಿಂದ ಬೆಳಕೇ ಇಲ್ಲ. ಬಸ್ಸಿನಲ್ಲಿ ಸೀಟೂ ಸಿಗಲಿಲ್ಲ, ನಿಂತೇ ಬಂದೆ."

ಇದು ನಮ್ಮ ಕೆಲಸ ಅಲ್ಲ ಅಂತ ಹೇಳಲು ಬಾಯಿ ಬರಲಿಲ್ಲ. ಅಷ್ಟು ದೂರದಿಂದ ಹೊತ್ತು ತಂದಿದ್ದಾರೆ. ಯಜಮಾನರು ಸುಮ್ಮನೆ ವೈರನ್ನು ನಮ್ಮ ಗೋಡೆಯ ಪ್ಲಗ್ಗಿಗೆ ಚುಚ್ಚಿದರು. ಪರದೆ ಝಗ್ಗನೆ ಹತ್ತಿಕೊಂಡಿತು.

ರೈಟರು ಎರಡೂ ಕೈ ಜೋಡಿಸಿದರು. ಯಜಮಾನರಿಗೆ ಅನುಮಾನ ಬಂದು ಕೇಳಿದರು. "ಎಸ್ಟೇಟಿನಲ್ಲಿ ಕರೆಂಟ್ ಇದೆಯಾ?"

"ಇಲ್ಲ, ಎಂಟು ದಿನ ಆಯ್ತು ಲೈನಿನ ಮೇಲೆ ಮರ ಬಿದ್ದು," ಅಂದರು ರೈಟರು. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಸಾರ್. ಕರೆಂಟ್ ಹೋದ್ರೂ ಒಳಗೆ ಸಿಲಿಕಾನ್ ಇರಬೇಕಲ್ವಾ?"

ಹೆಬ್ಬೆಟ್ಟು

ಈ ರಬ್ಬರಿನ ಗುಣ ಏನೆಂದರೆ, ಕಂಡದ್ದನ್ನೆಲ್ಲ ಕದಿಯುತ್ತದೆ. ಮೂಲದ ಮೇಲೆ ಒಂದು ಕೂದಲೆಳೆ ಇದ್ದರೆ ಅಚ್ಚಿನಲ್ಲಿ ಕೂದಲು, ಎರಕದಲ್ಲೂ ಕೂದಲು. ದಾಕ್ಷಿಣ್ಯ ಅನ್ನುವುದೇ ಇಲ್ಲ.

ಮೂಡಿಗೆರೆ ತಾಲ್ಲೂಕಿನ ಒಂದು ಶಾಲೆಯ ಹೆಡ್ಮಾಸ್ಟರು ವಾರ್ಷಿಕೋತ್ಸವದ ಬಹುಮಾನಕ್ಕೆ ಅಂತ ನೂರಿಪ್ಪತ್ತು ಬಿಲ್ಲೆ ಮಾಡಿಸಿದರು. ಬೆಟ್ಟದ ಹಿಂದಿನಿಂದ ಏಳುವ ಸೂರ್ಯ, ಕೆಳಗೆ ತೆರೆದ ಪುಸ್ತಕ. ಮೂಲವನ್ನು ನಾನೇ ಜೇಡಿಮಣ್ಣಿನಲ್ಲಿ ಮಾಡಿ ಒಣಗಲು ಇಟ್ಟಿದ್ದೆ. ಹೆಡ್ಮಾಸ್ಟರು ಬಹಳ ಶಿಸ್ತಿನ ಮನುಷ್ಯರು. ಅಚ್ಚು ಹೊಯ್ಯುವ ಮೊದಲು ಖುದ್ದು ಬಂದು ಪರೀಕ್ಷೆ ಮಾಡಿ, ಒಪ್ಪಿಗೆ ಕೊಟ್ಟು ಹೋಗಿದ್ದರು. ಎಲ್ಲ ಬಿಲ್ಲೆ ಮುಗಿಸಿ ಕಳಿಸಿದೆ.

ಮರುದಿನವೇ ಅಷ್ಟೂ ಬಿಲ್ಲೆ ಚೀಲದಲ್ಲಿ ವಾಪಸು ಬಂದವು, ಜೊತೆಗೆ ಹೆಡ್ಮಾಸ್ಟರೂ ಬಂದರು. ಮುಖ ಕೆಂಪಾಗಿತ್ತು. ಒಂದು ಬಿಲ್ಲೆ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದರು. "ಸೂರ್ಯನ ಮುಖದ ಮೇಲೆ ಎಂತದು ಇದು?"

ಬೆಳಕಿಗೆ ಹಿಡಿದು ನೋಡಿದೆ. ಸೂರ್ಯನ ನಟ್ಟನಡುವೆ ಒಂದು ಹೆಬ್ಬೆಟ್ಟಿನ ಗುರುತು. ಗೆರೆ ಗೆರೆಯೂ ಸ್ಪಷ್ಟವಾಗಿತ್ತು. ಇನ್ನೊಂದು ತೆಗೆದೆ, ಅದರಲ್ಲೂ ಇತ್ತು. ನೂರಿಪ್ಪತ್ತು ಸೂರ್ಯರಿಗೂ ಹೆಬ್ಬೆಟ್ಟು.

"ಯಾವ ಬೇಜವಾಬ್ದಾರಿ ಮನುಷ್ಯನ ಬೆರಳು ಇದು, ನನಗೆ ಈಗಲೇ ಗೊತ್ತಾಗಬೇಕು," ಅಂದರು ಹೆಡ್ಮಾಸ್ಟರು. ತಪ್ಪು ಯಾರದ್ದಾದರೂ ಒಪ್ಪಿಕೊಂಡು ಕ್ಷಮಾಪಣೆ ಪತ್ರ ಬರೆದುಕೊಡಬೇಕಂತೆ.

ನಾನು ಯಜಮಾನರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಹೆಡ್ಮಾಸ್ಟರು ತಮ್ಮ ಬ್ಯಾಗಿನಿಂದ ಶಾಲೆಯ ಇಂಕ್ ಪ್ಯಾಡ್ ತೆಗೆದೇಬಿಟ್ಟರು. ನನ್ನ ಹೆಬ್ಬೆಟ್ಟು ಒತ್ತಿಸಿದರು, ಭೂತಗನ್ನಡಿ ಹಿಡಿದು ನೋಡಿದರು. ಅದಲ್ಲ, ನನ್ನದು ಸಣ್ಣ. ಯಜಮಾನರದ್ದು ಒತ್ತಿದರೆ ಬಣ್ಣದ ಕೆಲಸದಲ್ಲಿ ಸವೆದು ಗೆರೆಯೇ ಉಳಿದಿರಲಿಲ್ಲ. ಬಿಲ್ಲೆಯ ಹೆಬ್ಬೆಟ್ಟಿನ ನಡುವೆ ಅಡ್ಡಕ್ಕೆ ಒಂದು ಹಳೇ ಗಾಯದ ಗೆರೆ ಇತ್ತು. ಅಂಥದ್ದು ನಮ್ಮಿಬ್ಬರಿಗೂ ಇಲ್ಲ.

"ನೀವು ಸರಿಯಾಗಿ ಒತ್ತುತ್ತಿಲ್ಲ," ಅಂದರು ಅವರು. "ಹೆಬ್ಬೆಟ್ಟು ಒತ್ತೋದು ಹೀಗೆ. ಒಂದು ಬದಿಯಿಂದ ಇನ್ನೊಂದು ಬದಿಗೆ ಉರುಳಿಸಬೇಕು." ತಾವೇ ಒತ್ತಿ ತೋರಿಸಿದರು.

ಕಾಗದದ ಮೇಲೆ, ನಡುವೆ ಅಡ್ಡಕ್ಕೆ, ಗಾಯದ ಗೆರೆ.

ಅವತ್ತು ಪರೀಕ್ಷೆಗೆ ಬಂದಾಗ "ಒಣಗಿದೆಯಾ ನೋಡ್ತೀನಿ" ಅಂತ ಅವರು ಜೇಡಿಯ ಮೇಲೆ ಮೆಲ್ಲಗೆ ಹೆಬ್ಬೆರಳಿಟ್ಟದ್ದು ನನಗೆ ಆಗ ನೆನಪಾಯಿತು. ಅವರಿಗೂ ನೆನಪಾಗಿರಬೇಕು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಬಿಲ್ಲೆಗಳನ್ನೆಲ್ಲ ಒಂದೊಂದಾಗಿ ಚೀಲಕ್ಕೆ ತುಂಬಿದರು.

"ಇರಲಿ ಬಿಡಿ," ಅಂದರು. "ಪ್ರಶಸ್ತಿ ಪತ್ರಕ್ಕೆ ಸಹಿ ಹಾಕೋ ಕೆಲಸ ಉಳೀತು."

ಗುಂಡಗಿನ ಬೀಜ

ಪಾರದರ್ಶಕ ಎರಕದೊಳಗೆ ಒಂದು ಕಾಫಿ ಬೀಜ ಇಟ್ಟು ಕೀ ಚೈನ್ ಮಾಡಿದರೆ ಚೆನ್ನಾಗಿ ಕಾಣುತ್ತದೆ. ಇದನ್ನು ನೋಡಿದ ಎಸ್ಟೇಟ್ ಓನರ್ ಒಬ್ಬರು ಮಗಳ ಮದುವೆಗೆ ಬಂದವರಿಗೆ ಹಂಚಲು ಇನ್ನೂರು ಬೇಕು ಅಂದರು. ಒಂದೇ ಷರತ್ತು. ಬೀಜ ತಮ್ಮ ತೋಟದ್ದೇ ಆಗಿರಬೇಕು. ಡ್ರೈವರ್ ಕೈಯಲ್ಲಿ ಬೀಜದ ಚೀಲ ಕಳಿಸಿದರು.

ಮದುವೆಗೆ ಮೂರು ದಿನ ಇರುವಾಗ ನೋಡಲು ಬಂದರು, ಜೊತೆಗೆ ಹೆಂಡತಿ. ನಾನು ನೂರು ಮುಗಿಸಿ ಬಟ್ಟೆಯ ಮೇಲೆ ಸಾಲಾಗಿ ಹರಡಿದ್ದೆ. ಒಂದನ್ನು ಎತ್ತಿ ಬೆಳಕಿಗೆ ಹಿಡಿದರು. ಅವರ ಮುಖದ ಬಣ್ಣ ಇಳಿದುಹೋಯಿತು. ಕುರ್ಚಿ ಹುಡುಕಿ ಕೂತರು.

"ಇದು ಯಾರ ಬೀಜ?" ಅಂದರು, ಮೆಲ್ಲಗೆ.

"ನಿಮ್ಮದೇ ಸಾರ್."

"ನನ್ನದಲ್ಲ. ಇದು ರೊಬಸ್ಟಾ."

ನನಗೆ ಕಾಫಿ ಕುಡಿಯಲು ಬರುತ್ತದೆ, ಅರೇಬಿಕಾ ಮೇಲಿನದು, ರೊಬಸ್ಟಾ ಅಗ್ಗದ್ದು ಅಂತ ಕೇಳಿ ಗೊತ್ತು, ಬೀಜ ನೋಡಿ ಜಾತಿ ಹೇಳಲು ಬರುವುದಿಲ್ಲ. ಅಲಮಾರು ತೆಗೆದು ನೋಡಿದರೆ ಅವರ ಚೀಲ ಕಟ್ಟಿದ ಹಾಗೇ ಇತ್ತು! ಮೊದಲು ಪ್ರಯೋಗಕ್ಕೆ ಅಂತ ಪಕ್ಕದ ಮನೆಯವರು ಕೊಟ್ಟಿದ್ದ ಬೀಜವನ್ನೇ ನೂರಕ್ಕೂ ಹಾಕಿ ಮುಗಿಸಿದ್ದೆ. ಎರಕದೊಳಗೆ ಹೋದ ಬೀಜವನ್ನು ಹೊರಗೆ ತೆಗೆಯಲು ಬ್ರಹ್ಮನಿಂದಲೂ ಆಗುವುದಿಲ್ಲ.

"ನಾಲ್ಕು ತಲೆಮಾರಿನಿಂದ ನಮ್ಮ ತೋಟದಲ್ಲಿ ಅರೇಬಿಕಾ ಬಿಟ್ಟು ಇನ್ನೊಂದು ಗಿಡ ಊರಿಲ್ಲ," ಅಂದರು ಓನರು. "ನನ್ನ ಮಗಳ ಮದುವೆಯಲ್ಲಿ ನಾನು ರೊಬಸ್ಟಾ ಹಂಚೋದಾ?"

ಉಳಿದ ಮೂರು ದಿನದಲ್ಲಿ ಇನ್ನು ನೂರಷ್ಟೇ ಆಗುತ್ತದೆ ಅಂದೆ. ಆಗ ಅವರ ಹೆಂಡತಿ ಮಾತಾಡಿದರು. "ಗಂಡಿನ ಕಡೆಯವರದ್ದು ಪೂರಾ ರೊಬಸ್ಟಾ ತೋಟ ಅಲ್ವಾ? ಈ ನೂರು ಅವರಿಗೆ ಕೊಡೋಣ. ನಮ್ಮವರಿಗೆ ಅರೇಬಿಕಾ. ಬೇಕಂತಲೇ ಮಾಡಿಸಿದ್ದು ಅನ್ನೋಣ."

ಮದುವೆ ಮುಗಿದ ಮೇಲೆ ಓನರು ಬಂದರು. ಬೀಗರು ಬಹಳ ಸಂತೋಷಪಟ್ಟರಂತೆ. ನಮ್ಮ ಬೆಳೆಗೂ ಮರ್ಯಾದೆ ಕೊಟ್ಟಿರಿ ಅಂತ ಎಲ್ಲರೆದುರು ಕೈ ಹಿಡಿದುಕೊಂಡರಂತೆ.

"ಅಷ್ಟಕ್ಕೆ ನಿಲ್ಲಿಸಬೇಕಿತ್ತು ಆ ಮನುಷ್ಯ," ಅಂದರು. "ಎರಡನ್ನೂ ಪಕ್ಕದಲ್ಲಿ ಹಿಡಿದು, 'ನಿಮ್ಮದು ಸ್ವಲ್ಪ ಚಪ್ಪಟೆ ಆಯ್ತು ಬೀಗರೇ, ನಮ್ಮದು ನೋಡಿ ಗುಂಡಗೆ ಎಷ್ಟು ಚಂದ' ಅಂದರು."

"ನೀವೇನಂದ್ರಿ ಸಾರ್?"

"ಎಂತ ಅನ್ನೋದು! ಅಷ್ಟೊತ್ತಿಗೆ ತಾಳಿ ಕಟ್ಟಿ ಆಗಿತ್ತು."

ಕೆಂಪು ಕಲ್ಲು

ಇದನ್ನು ಎಷ್ಟೋ ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಸಂಬಂಧಪಟ್ಟ ಇಬ್ಬರೂ ಇಲ್ಲ, ಹೇಳಬಹುದು.

ಮೂಡಿಗೆರೆ ಕಡೆಯ ದೊಡ್ಡ ಮನೆತನದ ಹಿರಿಯ ಅಮ್ಮ ಒಬ್ಬರು ಒಂದು ಪದಕ ತಂದರು. ಚಿನ್ನದ ಕಟ್ಟಿನ ನಡುವೆ ಹುಣಸೆ ಬೀಜದಷ್ಟು ದೊಡ್ಡ ಕೆಂಪು ಕಲ್ಲು. ಅವರ ಅತ್ತೆಯದ್ದು. ಅತ್ತೆ ಸಾಯುವ ಮೊದಲು ಸೊಸೆಗೆ ಕೊಟ್ಟಿದ್ದರಂತೆ. ಅಮ್ಮನವರಿಗೆ ಅದರ ಮೇಲೆ ಪ್ರಾಣ, ಆದರೆ ಹಾಕಿಕೊಂಡು ಹೊರಗೆ ಹೋಗಲು ಭಯ. ಕಲ್ಲಿನ ತದ್ರೂಪು ಅಕ್ರಿಲಿಕ್‌ನಲ್ಲಿ ಮಾಡಿಕೊಟ್ಟರೆ ಅದನ್ನು ಇನ್ನೊಂದು ಪದಕಕ್ಕೆ ಕೂರಿಸಿ ಮದುವೆ ಮುಂಜಿಗೆ ಹಾಕಿಕೊಳ್ಳುವುದು, ಅಸಲಿಯನ್ನು ಲಾಕರಿನಲ್ಲಿ ಇಡುವುದು ಅಂತ ಲೆಕ್ಕ.

"ಈ ಕಲ್ಲಿಗೋಸ್ಕರ ನಾನು ಏನೇನು ಅನುಭವಿಸಿದ್ದೀನಿ ಗೊತ್ತಾ?" ಅಂದರು. ಅವರ ನಾದಿನಿ, ಅಂದರೆ ಗಂಡನ ತಂಗಿ, ಕಳಸದಲ್ಲಿದ್ದಾರೆ. ತಾಯಿಯ ಒಡವೆ ಮಗಳಿಗೆ ಬರಬೇಕು ಅಂತ ಅವರ ವಾದ. ಸತ್ತ ಮನೆಯಲ್ಲೇ ಜಗಳ ಆಗಿ, ಅವತ್ತಿನಿಂದ ಇಪ್ಪತ್ತು ವರ್ಷ ಅತ್ತಿಗೆ ನಾದಿನಿ ಮಾತಿಲ್ಲ. ಒಬ್ಬರ ಮನೆಯ ಕಾರ್ಯಕ್ಕೆ ಇನ್ನೊಬ್ಬರು ಹೋಗಿಲ್ಲ. ನಡುವೆ ಸಿಕ್ಕ ಅಣ್ಣ, ತಂಗಿಯ ಮುಖ ನೋಡದೆಯೇ ತೀರಿಕೊಂಡರಂತೆ.

ಕಲ್ಲನ್ನು ಕಟ್ಟಿನಿಂದ ಬಿಡಿಸದೆ ಅಚ್ಚು ತೆಗೆಯಲು ಬರುವುದಿಲ್ಲ. ಪಕ್ಕದ ಓಣಿಯ ಅಕ್ಕಸಾಲಿಗ ಆಚಾರರನ್ನು ಕರೆಸಿದೆವು. ಅಮ್ಮನವರ ಕಣ್ಣೆದುರಿಗೇ ಅವರು ಕಲ್ಲು ಬಿಡಿಸಿದರು, ಒಂದು ಸಲ ಭೂತಗನ್ನಡಿಯಲ್ಲಿ ನೋಡಿದರು, ಒಂದು ಲೋಟ ನೀರು ಕೇಳಿ ಕುಡಿದರು, ಏನೂ ಹೇಳದೆ ಎದ್ದು ಹೋದರು. ಆಗ ನನಗೆ ಅದೇನೂ ವಿಶೇಷ ಅನ್ನಿಸಲಿಲ್ಲ.

ರಬ್ಬರ್ ಹೊಯ್ದೆ. ಗಟ್ಟಿಯಾಗಲು ಮರುದಿನದವರೆಗೆ ಕಾಯಬೇಕು ಅಂದರೆ ಅಮ್ಮನವರು ಕಲ್ಲು ಬಿಟ್ಟು ಹೋಗಲು ಒಪ್ಪಲಿಲ್ಲ. ಸಂಜೆವರೆಗೆ ಡಬ್ಬಿಯನ್ನೇ ನೋಡುತ್ತಾ ಕೂತಿದ್ದು, ಆಮೇಲೆ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಜೀಪಿನಲ್ಲಿ ಮನೆಗೆ ಹೋದರು. ಮರುದಿನ ಹಾಗೇ ಮಡಿಲಲ್ಲಿಟ್ಟುಕೊಂಡು ಬಂದರು.

ರಬ್ಬರ್ ಬಿಡಿಸಿ ಕಲ್ಲು ತೆಗೆದೆ. ಅಚ್ಚಿನ ಒಳಗೆ ಸುತ್ತಲೂ ಕೂದಲಿನಷ್ಟು ಸಣ್ಣ ಗೆರೆ ಕಂಡಿತು. ನನ್ನ ಕೆಲಸದಲ್ಲಿ ತಪ್ಪಾಯಿತು ಅಂತ ಒರೆಸಿದೆ, ಹೋಗಲಿಲ್ಲ. ಕಲ್ಲನ್ನೇ ಎತ್ತಿ ನೋಡಿದೆ. ಗೆರೆ ಕಲ್ಲಿನ ಮೇಲೇ ಇತ್ತು. ಕಟ್ಟಿನೊಳಗೆ ಮುಚ್ಚಿಹೋಗುವ ಜಾಗದಲ್ಲಿ, ಸುತ್ತಲೂ. ಒಳಗಡೆ ಸಾಸಿವೆಗಿಂತ ಸಣ್ಣ ಒಂದು ಗಾಳಿಗುಳ್ಳೆ.

ಎರಡು ಭಾಗದ ಅಚ್ಚು ಕೂಡುವ ಕಡೆ ಆ ಗೆರೆ ಬರುತ್ತದೆ. ನಾನು ದಿನಾ ಬ್ಲೇಡಿನಿಂದ ಹೆರೆದು ತೆಗೆಯುವ ಗೆರೆ ಅದು. ಭೂಮಿಯಿಂದ ಬಂದ ಕಲ್ಲಿಗೆ ಇರುವುದಿಲ್ಲ, ಅಚ್ಚಿನಿಂದ ಬಂದದ್ದಕ್ಕೆ ಮಾತ್ರ ಇರುತ್ತದೆ.

ಹೇಳಿದರೆ, ನೀನೇ ಬದಲಾಯಿಸಿದೆ ಅಂದುಬಿಟ್ಟರೆ? ಹೇಳದಿದ್ದರೆ, ಮುಂದೆ ಗೊತ್ತಾದ ದಿನ ಅದನ್ನೇ ಅಂದರೆ? ನನ್ನ ಮುಖ ನೋಡಿಯೇ ಅಮ್ಮನವರು "ಒಡೀತಾ?" ಅಂತ ಎದ್ದು ನಿಂತರು.

"ಒಡೆದಿಲ್ಲ ಅಮ್ಮ. ಇದು... ಇದು ಗಾಜು ಅನ್ನಿಸುತ್ತೆ."

ಆಚಾರರನ್ನು ಮತ್ತೆ ಕರೆಸಿದೆ. ಅವರು ಬಾಗಿಲಲ್ಲೇ ನಿಂತು ನೆಲ ನೋಡುತ್ತಾ ಹೇಳಿದರು. "ನಿನ್ನೆ ಬಿಡಿಸಿದಾಗಲೇ ಗೊತ್ತಾಯ್ತು ಅಮ್ಮಾವ್ರೆ. ಹೇಳಲಿಕ್ಕೆ ಧೈರ್ಯ ಬರಲಿಲ್ಲ."

ಅಮ್ಮನವರು ನನ್ನ ಮುಖ ನೋಡಿದರು, ಆಚಾರರ ಮುಖ ನೋಡಿದರು, ಕಲ್ಲು ನೋಡಿದರು. "ನೀವು ಬದಲಾಯಿಸಿದ್ರಿ ಅನ್ನೋಣ ಅಂದ್ರೆ," ಅಂದರು ಕೊನೆಗೆ, "ನಾನೇ ರೆಪ್ಪೆ ಬಡೀದೆ ಕಾದಿದ್ದೀನಲ್ಲ!" ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಅಯ್ಯೋ ದೇವರೇ, ಒಂದು ಗಾಜಿನ ಚೂರಿಗೆ ಇಪ್ಪತ್ತು ವರ್ಷ ಅವಳ ಹತ್ತಿರ ಮಾತು ಬಿಟ್ಟೆನಲ್ಲ. ಅಣ್ಣ ತಂಗಿಯನ್ನ ದೂರ ಮಾಡಿದೆನಲ್ಲ!"

ಅತ್ತರು. ನಾನೂ ಅತ್ತೆ. ಆಚಾರರು ಮತ್ತೆ ಒಂದು ಲೋಟ ನೀರು ಕುಡಿದರು.

ಅಳು ನಿಂತ ಮೇಲೆ ಅಮ್ಮನವರು ಗಟ್ಟಿಯಾದರು. ಗಾಜನ್ನು ಅದೇ ಕಟ್ಟಿಗೆ ಮತ್ತೆ ಕೂರಿಸಿಕೊಡಿ ಅಂದರು. "ನಾಳೆಯೇ ಕಳಸಕ್ಕೆ ಹೋಗ್ತೀನಿ. ನಿನ್ನದೇ ಇದು ತಗೋ ಅಂತ ನಾದಿನಿ ಕೈಗೆ ಕೊಟ್ಟು ರಾಜಿ ಮಾಡ್ಕೊಳ್ತೀನಿ." ಬಾಗಿಲವರೆಗೆ ಹೋದವರು ತಿರುಗಿ ಬಂದು ದನಿ ತಗ್ಗಿಸಿದರು. "ಗಾಜು ಅಂತ ಮಾತ್ರ ಯಾರೂ ಬಾಯಿ ಬಿಡಬೇಡಿ. ನಾನು ದೊಡ್ಡ ಮನಸ್ಸು ಮಾಡಿ ಕೊಟ್ಟೆ ಅಂತ ಇರಲಿ."

ಹೋದರು. ನಾದಿನಿ ಬಾಗಿಲಲ್ಲೇ ತಬ್ಬಿಕೊಂಡು ಅತ್ತರಂತೆ. ಅತ್ತಿಗೆ, ನಿಮ್ಮಂಥ ಮನಸ್ಸು ಯಾರಿಗೆ ಬರುತ್ತೆ ಅಂದರಂತೆ. ಎರಡು ದಿನ ಉಳಿಸಿಕೊಂಡು, ಹೋಳಿಗೆ ಮಾಡಿ ಹಾಕಿ, ಸೀರೆ ಉಡಿಸಿ ಕಳಿಸಿದರಂತೆ. ಇದನ್ನು ಅಮ್ಮನವರೇ ಬಂದು ಹೇಳಿದರು. ಆದರೂ ಗಾಜು ಕೊಟ್ಟು ಸೀರೆ ತಂದೆ ಅಂತ ಒಳಗೊಳಗೇ ಚುಚ್ಚುತ್ತದೆ ಅಂತ ಕಣ್ಣೊರೆಸಿಕೊಂಡರು.

ತಿಂಗಳು ಕಳೆದಿರಬೇಕು. ಕಳಸದಿಂದ ಹೆಂಗಸೊಬ್ಬರು ಬಂದರು. ಅತ್ತಿಗೆ ನಿಮ್ಮ ವಿಷಯ ಹೇಳಿದರು ಅಂತ ಅದೇ ಪದಕವನ್ನು ಮೇಜಿನ ಮೇಲೆ ಇಟ್ಟರು. ಗುಟ್ಟು ರಟ್ಟಾಯಿತು, ಬಯ್ಯಲಿಕ್ಕೇ ಬಂದಿದ್ದಾರೆ ಅಂದುಕೊಂಡೆ.

ಅವರು ಬಯ್ಯಲಿಲ್ಲ. ಬಾಗಿಲು ಮುಂದೆ ಮಾಡಿ ಬಂದು, ಸೆರಗಿನ ಗಂಟು ಬಿಚ್ಚಿ ಪುಟ್ಟ ಕುಂಕುಮದ ಭರಣಿ ತೆಗೆದರು. ಅದರೊಳಗಿನ ಹತ್ತಿಯಿಂದ ಇನ್ನೊಂದು ಕೆಂಪು ಕಲ್ಲು ತೆಗೆದು ಪದಕದ ಪಕ್ಕ ಇಟ್ಟರು. ಅದೇ ಗಾತ್ರ, ಅದೇ ಆಕಾರ.

"ನನಗೆ ಇಬ್ಬರು ಹೆಣ್ಣುಮಕ್ಕಳು," ಅಂದರು. "ಇದನ್ನೂ ಒಂದು ಪದಕಕ್ಕೆ ಹಾಕಿಸಿ ಒಬ್ಬೊಬ್ಬರಿಗೆ ಒಂದೊಂದು ಕೊಡಬೇಕು ಅಂತಿದ್ದೀನಿ. ಎರಡೂ ಒಂದೇ ಥರ ಕಾಣುತ್ತಾ ನೋಡಿ ಹೇಳಿ."

ಭರಣಿಯ ಕಲ್ಲನ್ನು ಎತ್ತಿ ಸುತ್ತಲೂ ತಿರುಗಿಸಿದೆ. ಗೆರೆ ಇಲ್ಲ. ಗುಳ್ಳೆ ಇಲ್ಲ. ಬೆಳಕಿಗೆ ಹಿಡಿದರೆ ಕೆಂಡ ಹಿಡಿದ ಹಾಗೆ. "ಇದು... ಅಸಲಿ," ಅಂದೆ.

"ಹೌದು," ಅಂದರು ಅವರು, ಉಪ್ಪು ಖಾರ ಸರಿಯಾಗಿದೆ ಅನ್ನುವಷ್ಟು ಸಲೀಸಾಗಿ. "ನನ್ನ ಮದುವೆಯಲ್ಲೇ ಅಮ್ಮ ಪದಕದಿಂದ ಇದನ್ನ ಕಿತ್ತು ನನಗೆ ಕೊಟ್ಟು, ಆ ಜಾಗಕ್ಕೆ ಗಾಜು ಕೂರಿಸಿದ್ದರು. ಸೊಸೆಗೆ ಗೊತ್ತಾಗಬಾರದು ಅಂತ ಆಣೆ ಹಾಕಿಸಿಕೊಂಡಿದ್ದರು."

ಕಲ್ಲನ್ನು ಮೇಜಿನ ಮೇಲಿಟ್ಟು ಕೇಳಿದೆ. "ಅಲ್ಲ ಅಮ್ಮ, ಅಸಲಿ ನಿಮ್ಮ ಹತ್ತಿರವೇ ಇದ್ದ ಮೇಲೆ ಇಪ್ಪತ್ತು ವರ್ಷ ಜಗಳ ಯಾಕೆ ಆಡಿದ್ರಿ?"

ಅವರು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು.

"ಒಳ್ಳೆ ಕಥೆ ಮಾರಾಯ್ತಿ," ಅಂದರು. "ಜಗಳ ಆಡದೆ ಸುಮ್ಮನೆ ಬಿಟ್ಟುಕೊಟ್ಟಿದ್ದರೆ ಅತ್ತಿಗೆಗೆ ಅನುಮಾನ ಬರ್ತಿರಲಿಲ್ವಾ?"